ಎಂ.ವಿ. ಗೆದ್ದ ವಾದಗಳು, ಎದ್ದು ಹೋದ ಒಂದು ವಾದ

ಹೋದ ವರ್ಷ ನಂದಗುಡಿಯಲ್ಲಿ ನಮ್ಮ ಚಿಕ್ಕಪ್ಪನ ಮಗಳ ಬೀಗರೂಟ. ಶಾಮಿಯಾನದ ಕೆಳಗೆ ಸೆಕೆ, ಎಲೆ ಮೇಲೆ ಮುದ್ದೆ, ಮಟನ್ ಸಾರು. ನನ್ನ ಎಡಗಡೆ ದೊಡ್ಡಪ್ಪನ ಮಗ ಕೂತಿದ್ದ, ಬೆಂಗಳೂರಲ್ಲಿ ಎಂಜಿನಿಯರ್. ಬಲಗಡೆ ನಮ್ಮೂರ ಕಾಲೊನಿಯ ನನ್ನ ಗೆಳೆಯ, ಆಗ ಸಿವಿಲ್ ಎಂಜಿನಿಯರಿಂಗ್ ಕೊನೇ ವರ್ಷ. ಅವರ ಮನೆಯಲ್ಲಿ ಪಿಯುಸಿ ದಾಟಿದ ಮೊದಲ ಹುಡುಗ ಅವನೇ. ಊಟಕ್ಕೆ ಕರೆದಿದ್ದು ನಾನು.

ಮಾತು ಜಾತಿ ಗಣತಿಯಿಂದ ಮೀಸಲಾತಿಗೆ ಜಾರಿತು. ಅಣ್ಣ ಮೂಳೆ ಕಚ್ಚುತ್ತಲೇ ಸರ್ ಎಂ. ವಿಶ್ವೇಶ್ವರಯ್ಯನವರನ್ನು ಪಂಕ್ತಿಗೆ ಎಳೆದು ತಂದ. ಅರ್ಹತೆ ಇಲ್ಲದವರಿಗೆ ಹುದ್ದೆ ಕೊಡೋಕೆ ಒಪ್ಪದೆ ದಿವಾನಗಿರಿಯನ್ನೇ ಒದ್ದು ಬಂದ ಮಹಾನುಭಾವ, ಅಂಥವರು ಇವತ್ತು ಒಬ್ಬರಿದ್ದಿದ್ದರೆ ದೇಶ ಎಲ್ಲೋ ಇರ್ತಿತ್ತು, ಕೋಟಾದಲ್ಲಿ ಸೀಟು ತಗೊಂಡೋರು ಕಟ್ಟಿದ ಸೇತುವೆ ಮೇಲೆ ನಾನಂತೂ ಓಡಾಡಲ್ಲ ಅಂದ. ಎದುರು ಸಾಲಿನವರು ನಕ್ಕರು. ನನ್ನ ಗೆಳೆಯ ತಲೆ ಎತ್ತಲಿಲ್ಲ. ಮುದ್ದೆ ಮುರಿಯುತ್ತಿದ್ದ ಕೈ ಮಾತ್ರ ನಿಂತಿತು.

ನಾನು ಏನೂ ಹೇಳಲಿಲ್ಲ. ಹೇಳೋಕೆ ಇರಲಿಲ್ಲ ಅಂತಲ್ಲ. ಬೀಗರ ಮುಂದೆ ರಂಪ ಯಾಕೆ, ಅಣ್ಣ ಹೇಗೂ ಬದಲಾಗೋನಲ್ಲ ಅಂದುಕೊಂಡು ಸಾರು ಬಡಿಸೋರನ್ನು ಕರೆದೆ, ಮಾತು ಬೇರೆ ಕಡೆ ಹೋಯಿತು. ರಾತ್ರಿ ಅಪ್ಪ ಅದನ್ನೇ ಮೆಚ್ಚಿಕೊಂಡರು. ಗೆದ್ದವನು ಸೋತ, ಸೋತವನು ಸತ್ತ ಅನ್ನೋ ಗಾದೆ ಹೇಳಿ, ನೆಂಟರ ಹತ್ತಿರ ವಾದ ಇಟ್ಟುಕೋಬಾರದು ಅಂದರು. ಗೆಳೆಯ ಮಾತ್ರ ಊಟ ಆದ ಮೇಲೆ ಸಿಗಲಿಲ್ಲ. ಹೇಳದೇ ಹೊರಟು ಹೋಗಿದ್ದ.

ಮುಖ ನೋಡದ ಜನರ ಜೊತೆ ಫೋನಿನಲ್ಲಿ ನಡುರಾತ್ರಿವರೆಗೆ ಕಿತ್ತಾಡಿದವನು ನಾನು. ಪಕ್ಕದಲ್ಲಿ ಕೂತವನಿಗಾಗಿ ಎರಡು ಮಾತು ಆಡಬೇಕಾದಾಗ ಬಾಯಿ ಕಟ್ಟಿತು. ಯಾವ ವಾದಕ್ಕೆ ಇಳೀಬೇಕು, ಯಾವುದನ್ನು ಬಿಡಬೇಕು ಅನ್ನೋದು ರಾಜಕೀಯ ಮಾತಾಡುವ ನಮ್ಮ ವಯಸ್ಸಿನ ಎಲ್ಲರ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುವ ಮೊದಲು, ಅಣ್ಣ ಯಾರ ಹೆಸರು ಹೇಳಿ ನನ್ನ ಬಾಯಿ ಮುಚ್ಚಿಸಿದನೋ ಆ ಮನುಷ್ಯನ ಬದುಕನ್ನೇ ಸರಿಯಾಗಿ ನೋಡೋಣ ಅನ್ನಿಸಿತು.

ಯಾಕಂದರೆ ನಮಗೆ ಶಾಲೆಯಲ್ಲಿ ಸಿಕ್ಕಿದ್ದು ಮೇಣದಬತ್ತಿಯ ವಿಶ್ವೇಶ್ವರಯ್ಯ. ಸರ್ಕಾರಿ ಕೆಲಸಕ್ಕೆ ಸರ್ಕಾರಿ ಬತ್ತಿ, ಸ್ವಂತ ಕೆಲಸಕ್ಕೆ ಸ್ವಂತ ಬತ್ತಿ. ಕತೆ ಚೆನ್ನಾಗಿದೆ. ಆದರೆ ಆ ಕತೆಯಲ್ಲಿ ಅವರ ಎದುರು ಯಾರೂ ಇಲ್ಲ, ವಾದ ಇಲ್ಲ. ನಿಜವಾದ ಎಂ.ವಿ. ಬದುಕಿನ ತುಂಬ ವಾದಗಳಿವೆ.

ಮೊದಲ ವಾದ, ಮೊದಲ ರಾಜಿ

ಮುದ್ದೇನಹಳ್ಳಿ ನಮಗೆ ದೂರದ ಊರಲ್ಲ. ನಂದಗುಡಿಯಿಂದ ಸೂಲಿಬೆಲೆ, ದೇವನಹಳ್ಳಿ ಮೇಲೆ ಬೈಕಿನಲ್ಲಿ ಹೋಗಿ ಸಂಜೆಯೊಳಗೆ ಬರಬಹುದು. 1861ರಲ್ಲಿ ವಿಶ್ವೇಶ್ವರಯ್ಯ ಹುಟ್ಟಿದಾಗ ಅದು ಕೋಲಾರ ಜಿಲ್ಲೆ, ಈಗ ಚಿಕ್ಕಬಳ್ಳಾಪುರ. ತಂದೆ ಶ್ರೀನಿವಾಸ ಶಾಸ್ತ್ರಿ ಸಂಸ್ಕೃತ ಬಲ್ಲವರು, ಮಗ ಚಿಕ್ಕವನಿದ್ದಾಗಲೇ ತೀರಿಕೊಂಡರು. ತಾಯಿ ವೆಂಕಟಲಕ್ಷ್ಮಮ್ಮ. ಹುಡುಗ ಬೆಂಗಳೂರಿಗೆ ಬಂದು, ಬೇರೆಯವರ ಮನೆ ಮಕ್ಕಳಿಗೆ ಪಾಠ ಹೇಳಿ ಹೊಟ್ಟೆ ಹೊರೆದು, 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಮುಗಿಸಿದ. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿತು, ಪುಣೆಗೆ ಎಂಜಿನಿಯರಿಂಗ್ ಓದಲು ಹೋದ. 1883ರ ಪರೀಕ್ಷೆಯಲ್ಲಿ ಮೊದಲ ಸ್ಥಾನ.

ಇಲ್ಲೊಂದು ಗಮನಿಸಿ. ಬುದ್ಧಿ ಅವರದೇ, ದುಡಿಮೆ ಅವರದೇ. ಆದರೆ ಪುಣೆಯ ದಾರಿಗೆ ದುಡ್ಡು ಕೊಟ್ಟಿದ್ದು ಸರ್ಕಾರ. ಪ್ರತಿಭೆ ತನ್ನ ಪಾಡಿಗೆ ತಾನು ಬೆಳೆಯುತ್ತೆ ಅನ್ನೋರು ಎಂ.ವಿ. ಬದುಕಿನ ಈ ಪುಟವನ್ನು ಹಾರಿಸಿ ಓದುತ್ತಾರೆ.

1884ರಲ್ಲಿ ಬೊಂಬಾಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟೆಂಟ್ ಎಂಜಿನಿಯರ್ ಆಗಿ ಸೇರಿದರು. ಖಾಂದೇಶದ ಪಂಜ್ರಾ ನದಿಗೆ ಅಡ್ಡಲಾಗಿ ನೀರಿನ ಕೊಳವೆ ಹಾಯಿಸುವ ಕೆಲಸ ಪಾಲಿಗೆ ಬಂತು. ಮಳೆಗಾಲ, ನದಿ ಉಕ್ಕಿ ಹರಿಯುತ್ತಿತ್ತು. ಮಳೆ ಮುಗಿದ ಮೇಲೆ ಮಾಡೋಣ ಅಂತ ಮೇಲಧಿಕಾರಿಗೆ ಬರೆದರು. ಹೇಳಿದ್ದು ತಾಂತ್ರಿಕವಾಗಿ ಸರಿಯಾದ ಮಾತೇ. ಮೇಲಧಿಕಾರಿಗೆ ಹಿಡಿಸಲಿಲ್ಲ, ಹೊಸ ಹುಡುಗನ ಶಿಸ್ತಿನ ಮೇಲೇ ಅನುಮಾನ ಬಂತು. ಎಂ.ವಿ. ಮತ್ತೆ ಪತ್ರ ಬರೆದು ಜಗ್ಗಾಡಲಿಲ್ಲ. ಅದೇ ಪ್ರವಾಹದ ನಡುವೆ ಒದ್ದಾಡಿ ಕೆಲಸ ಮುಗಿಸಿದರು.

ಇದನ್ನು ಹೇಡಿತನ ಅನ್ನಬಹುದೇ? ನನಗೆ ಹಾಗೆ ಕಾಣಲ್ಲ. ಅವತ್ತು ಸೋತಿದ್ದರೆ ಹೋಗುತ್ತಿದ್ದದ್ದು ಅವರ ಹೆಸರು, ಗೆದ್ದಿದ್ದರೆ ಸಿಗುತ್ತಿದ್ದದ್ದು ಎರಡು ತಿಂಗಳ ಪುರುಸೊತ್ತು. ಬೇರೆ ಯಾರ ಬದುಕೂ ಆ ವಾದದ ಮೇಲೆ ನಿಂತಿರಲಿಲ್ಲ. ಅಂಥ ವಾದವನ್ನು ಕೆಲಸದಲ್ಲಿ ಉತ್ತರಿಸಿದರೆ ಸಾಕು.

ಮುಚ್ಚಿದ ಬಾಗಿಲು

ಮುಂದಿನ ಇಪ್ಪತ್ತು ಚಿಲ್ಲರೆ ವರ್ಷ ಅವರ ಕೆಲಸ ಮಾತಾಡಿತು. ಸಿಂಧ್ ಪ್ರಾಂತ್ಯದ ಸುಕ್ಕೂರಿಗೆ ಕುಡಿಯುವ ನೀರು, ಪುಣೆ ಹತ್ತಿರದ ಖಡಕ್‌ವಾಸ್ಲಾ ಜಲಾಶಯಕ್ಕೆ 1903ರಲ್ಲಿ ಪ್ರವಾಹ ಬಂದಾಗ ತಾನೇ ತೆರೆದುಕೊಳ್ಳುವ ಗೇಟುಗಳು. ಎಷ್ಟೋ ಸೀನಿಯರುಗಳನ್ನು ದಾಟಿ ಸೂಪರಿಂಟೆಂಡಿಂಗ್ ಎಂಜಿನಿಯರ್ ಆದರು. ಇನ್ನೊಂದೇ ಮೆಟ್ಟಿಲು ಬಾಕಿ, ಚೀಫ್ ಎಂಜಿನಿಯರ್. ಆ ಮೆಟ್ಟಿಲು ಬಿಳಿಯರದು. ಭಾರತೀಯನೊಬ್ಬ ಎಷ್ಟೇ ಸಮರ್ಥನಾದರೂ ಅಲ್ಲಿ ಕೂರುವ ಸಾಧ್ಯತೆ ಇರಲಿಲ್ಲ. 1908ರಲ್ಲಿ, ಪೂರ್ತಿ ಸೇವೆ ಮುಗಿಯುವ ಮೊದಲೇ, ನೌಕರಿ ಬಿಟ್ಟರು.

ಈ ಘಟನೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ಅರ್ಹತೆ ಅನ್ನೋ ಪದವನ್ನು ಬದುಕಿಡೀ ನಂಬಿದ ಮನುಷ್ಯನಿಗೇ ಒಂದು ದಿನ ಅರ್ಹತೆ ಸಾಲಲಿಲ್ಲ. ಹುಟ್ಟು ಅಡ್ಡ ಬಂತು.

ಅವತ್ತು ಅವರು ವಾದ ಮಾಡದೆ ಹೊರಟದ್ದು ಸರಿಯೇ ಅನ್ನಿಸುತ್ತೆ. ಬೊಂಬಾಯಿಯಲ್ಲಿ ಆ ನಿಯಮ ಬದಲಿಸುವ ಅಧಿಕಾರ ಎದುರಿಗೆ ಕೂತ ಯಾರಿಗೂ ಇರಲಿಲ್ಲ. ಕೇಳಿಸಿಕೊಳ್ಳಲು ಆಗದವರ ಮುಂದೆ ಎಷ್ಟು ಹೊತ್ತು ಮಾತಾಡಿದರೂ ಅದು ವಾದ ಆಗಲ್ಲ. ಎದ್ದು ಹೋಗಿ ಬೇರೆ ಕಡೆ ಕಟ್ಟುವುದೇ ಮೇಲು. ಅವರು ಹಾಗೇ ಮಾಡಿದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಮೂಸಿ ನದಿಯ ಪ್ರವಾಹ ಹೈದರಾಬಾದನ್ನು ನುಂಗಿತ್ತು. ನಿಜಾಮರ ಸರ್ಕಾರ ಕರೆಯಿತು, ಹೋಗಿ ಪ್ರವಾಹ ತಡೆಯುವ ಯೋಜನೆ ಕೊಟ್ಟರು. 1909ರ ನವೆಂಬರಿನಲ್ಲಿ ಮೈಸೂರಿನ ಚೀಫ್ ಎಂಜಿನಿಯರ್ ಆದರು.

ಲೆಕ್ಕ ಹಿಡಿದು ಕೂತ ವಾದ

ಕನ್ನಂಬಾಡಿ ಅವರ ಬದುಕಿನ ದೊಡ್ಡ ವಾದ. ಕೋಲಾರದ ಚಿನ್ನದ ಗಣಿಗೆ 1902ರಿಂದ ಶಿವನಸಮುದ್ರದ ವಿದ್ಯುತ್ ಹೋಗುತ್ತಿತ್ತು. ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಕರೆಂಟೂ ಸೊರಗುತ್ತಿತ್ತು. ಮಂಡ್ಯದ ಕಡೆ ಹೊಲಗಳು ಮಳೆ ನಂಬಿ ಕೂತಿದ್ದವು. ನದಿಗೆ ದೊಡ್ಡ ಅಣೆಕಟ್ಟೆ ಕಟ್ಟಿದರೆ ಎರಡೂ ಆಗುತ್ತೆ ಅಂದರು ಎಂ.ವಿ. ಹಣಕಾಸಿನವರು ಒಪ್ಪಲಿಲ್ಲ. ಇಷ್ಟು ದುಡ್ಡು ಸುರಿಯೋದು ದಂಡ, ತಯಾರಾದ ವಿದ್ಯುತ್ತನ್ನೆಲ್ಲ ಕೊಳ್ಳೋರು ಯಾರು ಅನ್ನೋದು ಅವರ ಪ್ರಶ್ನೆ. ದಿವಾನ್ ಟಿ. ಆನಂದರಾಯರೂ ಹಿಂದೆ ಮುಂದೆ ನೋಡಿದರು.

ಪಂಜ್ರಾದಲ್ಲಿ ಬಿಟ್ಟುಕೊಟ್ಟ ಮನುಷ್ಯ ಇಲ್ಲಿ ಬಿಟ್ಟುಕೊಡಲಿಲ್ಲ. ದಿವಾನರ ಮುಂದೆ, ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ಮುಂದೆ ಮತ್ತೆ ಮತ್ತೆ ಲೆಕ್ಕ ಇಟ್ಟರು. 1911ರ ಅಕ್ಟೋಬರಿನಲ್ಲಿ 81 ಲಕ್ಷ ರೂಪಾಯಿಗೆ ಒಪ್ಪಿಗೆ ಬಂತು, ಮುಂದಿನ ತಿಂಗಳೇ ಕೆಲಸ ಶುರು. ಸಿಮೆಂಟು ದುಬಾರಿ, ಹೊರದೇಶದಿಂದ ಬರಬೇಕು. ಸುರ್ಕಿ ಗಾರೆಯಲ್ಲೇ ಕಟ್ಟಿದರು. ಸುಮಾರು ಹತ್ತು ಸಾವಿರ ಜನ ದುಡಿದರು.

ಆಮೇಲೆ ಮದ್ರಾಸಿನ ಜಗಳ. ಮೈಸೂರು ದೊಡ್ಡ ಅಣೆಕಟ್ಟೆ ಕೇಳಿತು, ಬ್ರಿಟಿಷ್ ಸರ್ಕಾರ ಸದ್ಯಕ್ಕೆ ಚಿಕ್ಕದಕ್ಕೆ ಮಾತ್ರ ಒಪ್ಪಿಗೆ ಕೊಟ್ಟಿತು. ಮೈಸೂರು ಅಡಿಪಾಯವನ್ನು ಮಾತ್ರ ದೊಡ್ಡ ಕಟ್ಟೆಗೆ ಬೇಕಾದಷ್ಟು ಅಗಲಕ್ಕೇ ಹಾಕಿತು. ಮದ್ರಾಸು ಸಿಟ್ಟಾಯಿತು. ನ್ಯಾಯಮೂರ್ತಿ ಎಚ್.ಡಿ. ಗ್ರಿಫಿನ್ ಮುಂದೆ ವಿಚಾರಣೆ ನಡೆದು 1914ರಲ್ಲಿ ತೀರ್ಪು ಮೈಸೂರಿನ ಕಡೆ ಬಂತು. ಮದ್ರಾಸು ಮೇಲ್ಮನವಿ ಹಾಕಿತು. ಕೊನೆಗೆ 1924ರಲ್ಲಿ ಒಪ್ಪಂದ. ಅಷ್ಟು ಹೊತ್ತಿಗೆ ಎಂ.ವಿ. ಅಧಿಕಾರ ಬಿಟ್ಟು ಐದು ವರ್ಷ ದಾಟಿತ್ತು. ಕಟ್ಟೆ ಪೂರ್ತಿ ಮುಗಿದಿದ್ದು 1931ರಲ್ಲಿ.

ಈ ಇಪ್ಪತ್ತು ವರ್ಷವನ್ನು ನೋಡಿದರೆ ಅವರ ಲೆಕ್ಕಾಚಾರ ಅರ್ಥವಾಗುತ್ತೆ. ತೀರ್ಮಾನ ಇನ್ನೂ ಆಗಿಲ್ಲ, ಬದಲಾಗಬಹುದು. ತೀರ್ಮಾನ ಮಾಡೋರು ಎದುರಿಗೇ ಇದ್ದಾರೆ. ತನ್ನ ಕೈಯಲ್ಲಿ ಅಳೆದು ತೂಗಿದ ಅಂಕಿ ಇದೆ. ಈ ಮೂರೂ ಇದ್ದರೆ ಎಷ್ಟು ವರ್ಷ ಬೇಕಾದರೂ ಕೂತು ವಾದ ಮಾಡು. ಇದನ್ನು ಅವರು ಎಲ್ಲೂ ಸೂತ್ರ ಮಾಡಿ ಬರೆದದ್ದಲ್ಲ, ಅವರ ನಡೆ ನೋಡಿ ನಾನು ಕಟ್ಟಿಕೊಂಡದ್ದು. ಬೀಗರೂಟದ ರಾತ್ರಿ ನನ್ನನ್ನು ಸಮಾಧಾನ ಮಾಡಿದ್ದೂ ಇದೇ ಸೂತ್ರ. ಅಣ್ಣ ಯಾವ ತೀರ್ಮಾನ ಮಾಡೋನು? ಅವನ ಹತ್ತಿರ ವಾದ ಯಾಕೆ?

ಆದರೆ ಸೂತ್ರದಲ್ಲಿ ಒಂದು ಕೊರತೆ ಇದೆ. ಅದು ಕನ್ನಂಬಾಡಿಯಲ್ಲೇ ಕಾಣುತ್ತೆ.

ಸಭೆಯಲ್ಲಿ ಇಲ್ಲದವರು

ಚೀಫ್ ಎಂಜಿನಿಯರ್, ಹಣಕಾಸಿನ ಅಧಿಕಾರಿ, ದಿವಾನರು, ಮಹಾರಾಜರು, ಮದ್ರಾಸಿನ ವಕೀಲರು, ಗ್ರಿಫಿನ್ ಸಾಹೇಬರು. ಇಷ್ಟು ಜನ ವಾದ ಮಾಡಿದರು. ಯಾರ ಮನೆ ಒಳಕ್ಕೆ ನೀರು ಬರುತ್ತಿತ್ತೋ ಅವರು ಮಾತ್ರ ಆ ವಾದದಲ್ಲಿ ಇರಲಿಲ್ಲ. ಹಳೇ ಕನ್ನಂಬಾಡಿ ಮುಳುಗಿತು, ವೇಣುಗೋಪಾಲಸ್ವಾಮಿ ಗುಡಿ ಮುಳುಗಿತು, ಸುತ್ತಲ ಹಳ್ಳಿಗಳ ಸಾವಿರಾರು ಜನ ಮನೆ ಕಳೆದುಕೊಂಡರು. ಅವರಿಗೆ ಬೇರೆ ಕಡೆ ಜಮೀನು ಕೊಟ್ಟರು, ಅದನ್ನೂ ಹೇಳಬೇಕು. ಆದರೆ ಕೊಡುವುದು ಬೇರೆ, ಕೇಳುವುದು ಬೇರೆ. ಕನ್ನಂಬಾಡಿಗೆ ಮೊದಲ ಕಲ್ಲು ಇಟ್ಟೋರು ಯಾರು ಅಂತ ನಾವು ಇವತ್ತಿಗೂ ದಿನಗಟ್ಟಲೆ ಕಚ್ಚಾಡುತ್ತೇವೆ. ಮುಳುಗಿದ ಊರುಗಳ ಹೆಸರು ಹೇಳಿ ಅಂದರೆ ಎರಡನೇ ಹೆಸರಿಗೇ ತಡವರಿಸುತ್ತೇವೆ.

ನಂದಗುಡಿಯವನಿಗೆ ಇದು ಹಳೇ ಕತೆ ಅಲ್ಲ. 2006ರಲ್ಲಿ ಬೆಂಗಳೂರಿನ ಸುತ್ತ ಐದು ಉಪನಗರ ಮಾಡ್ತೀವಿ ಅಂತ ಸರ್ಕಾರ ಹೊರಟಾಗ ಬಿಡದಿ, ರಾಮನಗರ, ಸೋಲೂರು, ಸಾತನೂರಿನ ಜೊತೆ ನಂದಗುಡಿಯ ಹೆಸರೂ ಇತ್ತು. ಅದೇ ಹೊತ್ತಿಗೆ ಇಲ್ಲಿ ವಿಶೇಷ ಆರ್ಥಿಕ ವಲಯಕ್ಕೆ ಸಾವಿರಾರು ಎಕರೆ ಹೋಗುತ್ತೆ ಅನ್ನೋ ಸುದ್ದಿ ಬಂತು. ರೈತರು ಬೀದಿಗಿಳಿದರು. ನಾನಾಗ ಪ್ರೈಮರಿ ಶಾಲೆಯಲ್ಲಿದ್ದೆ.

ನನಗೆ ನೆನಪಿರೋದು ಒಂದು ಸಭೆ. ಬಂದಿದ್ದ ಅಧಿಕಾರಿಯೊಬ್ಬರು ಈ ಕಡೆ ಜಮೀನೆಲ್ಲ ಬರಡು, ನಿಮಗೇ ಲಾಭ ಅನ್ನೋ ಧಾಟಿಯಲ್ಲಿ ಮಾತಾಡಿದರು. ನಮ್ಮ ತಾತ ಭಾಷಣ ಮಾಡೋರಲ್ಲ. ಪಂಚೆ ಮಡಿಕೆಯಿಂದ ಹಾಲಿನ ಡೇರಿಯ ಪಾಸ್‌ಬುಕ್ ತೆಗೆದು ಮೇಜಿನ ಮೇಲಿಟ್ಟರು. ಎರಡು ಹಸು, ದಿನಕ್ಕೆ ಇಷ್ಟು ಲೀಟರು, ತಿಂಗಳಿಗೆ ಇಷ್ಟು, ಜೊತೆಗೆ ಹಿಪ್ಪುನೇರಳೆ, ರಾಗಿ. ಬರಡು ಅನ್ನೋದಾದರೆ ಇದು ಎಲ್ಲಿಂದ ಬಂತು ಅಂತ ಕೇಳಿದರು. ಅವರ ಹಿಂದೆ ಇನ್ನೂ ಹತ್ತಾರು ಜನ ಪಾಸ್‌ಬುಕ್ ತೆಗೆದರು.

ಈಗ ಯೋಚಿಸಿದರೆ ತಾತ ಮಾಡಿದ್ದು ವಿಶ್ವೇಶ್ವರಯ್ಯನವರ ಥರದ ವಾದವೇ. ಅಂಕಿ ಹಿಡಿದು, ತೀರ್ಮಾನ ಆಗೋ ಮೊದಲು, ತೀರ್ಮಾನಿಸೋರ ಎದುರು. ವ್ಯತ್ಯಾಸ ಒಂದೇ. ಜಮೀನು ಹೋಗೋದು ಯಾರದೋ ಅವರೇ ಸಭೆಯಲ್ಲಿದ್ದರು. ಆ ಯೋಜನೆ ಆಗಲಿಲ್ಲ. ಪಕ್ಕದ ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯಲ್ಲೂ 13 ಹಳ್ಳಿಗಳ ಜನ 1,777 ಎಕರೆಗಾಗಿ ಮೂರು ವರ್ಷಕ್ಕೂ ಹೆಚ್ಚು ಕಾಲ ಕೂತರು. 2025ರ ಜುಲೈನಲ್ಲಿ ಸರ್ಕಾರ ಸ್ವಾಧೀನ ಕೈಬಿಟ್ಟಿತು. ಕೂತ ಮೊದಲ ದಿನ ಅವರು ಗೆಲ್ಲುತ್ತಾರೆ ಅಂತ ಎಷ್ಟು ಜನ ನಂಬಿದ್ದರು? ಗೆಲುವಿನ ಲೆಕ್ಕ ಹಾಕಿ ಆ ವಾದಕ್ಕೆ ಇಳಿದಿದ್ದರೆ ಒಬ್ಬರೂ ಇಳಿಯುತ್ತಿರಲಿಲ್ಲ.

1918

ಈಗ ಅಣ್ಣ ಎತ್ತಿದ ವಿಷಯಕ್ಕೆ ಬರೋಣ.

1912ರ ನವೆಂಬರಿನಲ್ಲಿ ಎಂ.ವಿ. ದಿವಾನರಾದರು. ಆರು ವರ್ಷದಲ್ಲಿ ಮಾಡಿದ್ದು ಕಮ್ಮಿ ಅಲ್ಲ. 1913ರಲ್ಲಿ ಮೈಸೂರು ಬ್ಯಾಂಕು, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, ಭದ್ರಾವತಿ ಕಬ್ಬಿಣದ ಕಾರ್ಖಾನೆಯ ತಯಾರಿ. ಪ್ರಾಥಮಿಕ ಶಿಕ್ಷಣವನ್ನು ಕೆಲವು ಕಡೆ ಕಡ್ಡಾಯ ಮಾಡುವ ಕಾನೂನು ಬಂದದ್ದೂ ಅವರ ಕಾಲದಲ್ಲೇ. ಇದಕ್ಕೂ ಮೊದಲೇ, 1911ರಲ್ಲಿ, ಮೈಸೂರು ಆರ್ಥಿಕ ಸಮ್ಮೇಳನ ಶುರು ಮಾಡಿಸಿದ್ದರು. ಎಷ್ಟು ಜನ ಓದಿದ್ದಾರೆ, ಎಷ್ಟು ಬೆಳೆಯುತ್ತೆ, ಎಷ್ಟು ಗಳಿಕೆ, ಎಲ್ಲವನ್ನೂ ಎಣಿಸಿ ಮಾತಾಡಬೇಕು ಅನ್ನೋ ಅಭ್ಯಾಸವನ್ನು ಈ ರಾಜ್ಯಕ್ಕೆ ಹತ್ತಿಸಿದ್ದರಲ್ಲಿ ಅವರ ಪಾಲು ದೊಡ್ಡದು.

ಎಣಿಸೋದು ಕಲಿತ ಜನ ಸುಮ್ಮನಿರಲ್ಲ. ಸರ್ಕಾರಿ ಕಚೇರಿಯ ಕುರ್ಚಿಗಳನ್ನೂ ಎಣಿಸಿದರು. ರಾಜ್ಯದ ಜನಸಂಖ್ಯೆಯಲ್ಲಿ ನೂರಕ್ಕೆ ನಾಲ್ಕರಷ್ಟೂ ಇಲ್ಲದ ಬ್ರಾಹ್ಮಣರ ಕೈಯಲ್ಲಿ ಗೆಜೆಟೆಡ್ ಹುದ್ದೆಗಳಲ್ಲಿ ಸುಮಾರು ಮೂರನೇ ಎರಡು ಭಾಗ ಇತ್ತು. 1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿತು. ಒಕ್ಕಲಿಗ, ಲಿಂಗಾಯತ, ಮುಸ್ಲಿಂ ಮುಖಂಡರು ಒಟ್ಟಾಗಿ 1918ರಲ್ಲಿ ಮಹಾರಾಜರ ಬಳಿ ಹೋಗಿ ಪಾಲು ಕೇಳಿದರು.

ಎಂ.ವಿ. ಒಪ್ಪಲಿಲ್ಲ. ಅವರ ನಿಲುವು ಸರಳವಾಗಿತ್ತು. ಹಿಂದುಳಿದವರಿಗೆ ಶಾಲೆ ಕೊಡೋಣ, ವಿದ್ಯಾರ್ಥಿವೇತನ ಕೊಡೋಣ, ಹುದ್ದೆ ಮಾತ್ರ ಅರ್ಹತೆಗೆ ಬಿಡೋಣ, ಇಲ್ಲದಿದ್ದರೆ ಆಡಳಿತ ಸೊರಗುತ್ತೆ. ಇದು ದ್ವೇಷದ ಮಾತಲ್ಲ. ತಾನು ನಂಬಿದ್ದನ್ನೇ ಮಹಾರಾಜರಿಗೂ ಹೇಳಿದರು. ಆದರೆ ನಾಲ್ವಡಿಯವರಿಗೆ ಬೇರೆ ಲೆಕ್ಕ ಕಂಡಿತ್ತು. 1918ರ ಆಗಸ್ಟಿನಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಡಿಸೆಂಬರಿನಲ್ಲಿ ಎಂ.ವಿ. ದಿವಾನಗಿರಿ ಬಿಟ್ಟರು. ಬೇರೆ ಕಾರಣಗಳೂ ಇದ್ದವು ಅನ್ನೋರಿದ್ದಾರೆ, ಇರಬಹುದು. ಆದರೆ ಈ ಭಿನ್ನಾಭಿಪ್ರಾಯ ಮುಖ್ಯವಾದದ್ದು ಅನ್ನೋದರಲ್ಲಿ ಅನುಮಾನವಿಲ್ಲ.

ಅಣ್ಣ ಇದನ್ನು ತ್ಯಾಗ ಅನ್ನುತ್ತಾನೆ. ನಂಬಿಕೆಗಾಗಿ ಕುರ್ಚಿ ಬಿಟ್ಟದ್ದು ನಿಜ, ಅದಕ್ಕೆ ಗೌರವ ಇದೆ. ಆದರೆ ಎರಡು ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಒಂದು, 1908. ಬೊಂಬಾಯಿಯಲ್ಲಿ ಅರ್ಹತೆ ಇದ್ದೂ ಹುಟ್ಟಿನ ಕಾರಣಕ್ಕೆ ಕುರ್ಚಿ ಸಿಗದೆ ಹೊರಟ ಮನುಷ್ಯ, ಹತ್ತೇ ವರ್ಷದಲ್ಲಿ ಅದೇ ದೂರು ಹೊತ್ತು ಬಂದ ಜನರ ಎದುರು ಕೂತಿದ್ದರು. ಒಕ್ಕಲಿಗರ, ಮುಸ್ಲಿಮರ ಮನೆಗಳಲ್ಲಿ ಬುದ್ಧಿ ಹುಟ್ಟುವುದಿಲ್ಲ ಅಂತ ಅವರು ಖಂಡಿತ ನಂಬಿರಲಿಲ್ಲ. ಹಾಗಿದ್ದರೆ ಕುರ್ಚಿಗಳ ಲೆಕ್ಕ ಯಾಕೆ ಹಾಗೆ ಬಂತು? ಬಿಳಿಯರ ಕಚೇರಿಯಲ್ಲಿ ಕಂಡ ಅಡ್ಡಗೋಡೆ, ತನ್ನ ಕಚೇರಿಯಲ್ಲಿ ಯಾಕೆ ಕಾಣಲಿಲ್ಲ?

ಎರಡು, ಮಿಲ್ಲರ್ ಸಮಿತಿ ಮಾಡಿದ್ದು ಅವರಿಗೆ ತುಂಬ ಇಷ್ಟವಾಗಬೇಕಿದ್ದ ಕೆಲಸ. ಜಾತಿವಾರು ಅಂಕಿ, ಹುದ್ದೆವಾರು ಪಟ್ಟಿ, ವರದಿ. ತೀರ್ಮಾನ ಬಾಕಿ ಇತ್ತು, ತೀರ್ಮಾನಿಸುವ ಮಹಾರಾಜರು ಇದ್ದರು, ಅಂಕಿಯೂ ಇತ್ತು. ಅವರದೇ ಮೂರು ಷರತ್ತೂ ಸರಿಹೊಂದಿದ್ದ ವಾದ. ಕನ್ನಂಬಾಡಿಗಾಗಿ ವರ್ಷಗಟ್ಟಲೆ ಪಟ್ಟು ಹಿಡಿದವರು ಇದಕ್ಕೆ ನಾಲ್ಕು ತಿಂಗಳಲ್ಲಿ ಎದ್ದು ಹೋದರು. ಬೊಂಬಾಯಿಯಲ್ಲಿ ಎದ್ದು ಹೋದಾಗ ಬಾಗಿಲು ಮುಚ್ಚಿತ್ತು. ಇಲ್ಲಿ ಬಾಗಿಲಿನ ಕೀಲಿ ಅವರ ಕೈಯಲ್ಲೇ ಇತ್ತು. ನನಗೆ ಕಾಣುವ ಮಟ್ಟಿಗೆ, ಈ ವಾದ ನಿಷ್ಫಲ ಅಂತ ಅವರು ಬಿಟ್ಟದ್ದಲ್ಲ. ಇದು ಅವರು ಕೂತಿದ್ದ ಜಾಗವನ್ನೇ ಮುಟ್ಟುವ ವಾದ. ಉಳಿದು ವಾದಿಸಿದ್ದರೆ ತಾವೂ ಬದಲಾಗಬೇಕಾಗಿ ಬರುತ್ತಿತ್ತು.

ಅವರಿಲ್ಲದೆಯೂ ಕೆಲಸ ನಡೆಯಿತು. 1919ರಲ್ಲಿ ವರದಿ ಬಂತು, 1921ರಲ್ಲಿ ಸರ್ಕಾರ ಒಪ್ಪಿತು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರನೇ ಎರಡು ಭಾಗ ಹಿಂದುಳಿದವರಿಗೆ ಸಿಗಬೇಕು ಅನ್ನೋದು ಗುರಿ. ಆಡಳಿತ ಕುಸಿಯಲಿಲ್ಲ. ಎಂ.ವಿ. ಕನಸು ಕಂಡ ಕನ್ನಂಬಾಡಿಯೂ ಭದ್ರಾವತಿಯೂ ಪೂರ್ತಿಯಾದದ್ದು ಈ ಆದೇಶದ ನಂತರದ ಮೈಸೂರಿನಲ್ಲೇ.

ಇನ್ನೊಂದು ಸಂಗತಿ. ಆ ಸಮಿತಿಯ ಲೆಕ್ಕದಲ್ಲಿ ಹಿಂದುಳಿದವರು ಅಂದರೆ ಬ್ರಾಹ್ಮಣರನ್ನು ಬಿಟ್ಟು ಹೆಚ್ಚೂಕಮ್ಮಿ ಎಲ್ಲರೂ. ಅಂದರೆ ನಾವೂ. ನನ್ನ ಮನೆಯವರೂ, ಅಣ್ಣನ ಮನೆಯವರೂ. ನಮ್ಮ ವಂಶದಲ್ಲಿ ಮೊದಲು ಸರ್ಕಾರಿ ಸಂಬಳ ಕಂಡವರು ತಾತನ ಅಣ್ಣ. ಆ ಸಂಬಳದಲ್ಲೇ ದೊಡ್ಡಪ್ಪ ಬೆಂಗಳೂರಲ್ಲಿ ಓದಿದ್ದು. ನಾವು ಏಣಿ ಹತ್ತಿ ಬಂದು, ಏಣಿ ಯಾಕೆ ಬೇಕು ಅಂತ ಕೇಳ್ತಿದ್ದೇವೆ.

ಮುದ್ದೇನಹಳ್ಳಿಗೆ ಹೋದ ದಿನ

ಅಧಿಕಾರ ಬಿಟ್ಟ ಮೇಲೂ ಎಂ.ವಿ. 43 ವರ್ಷ ಬದುಕಿದರು. 1923ರಿಂದ ಭದ್ರಾವತಿ ಕಾರ್ಖಾನೆಯನ್ನು ಮೇಲೆತ್ತಿದರು. 1934ರಲ್ಲಿ ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕು ಅಂತ ಪುಸ್ತಕ ಬರೆದರು. ಯಂತ್ರ, ಕೈಗಾರಿಕೆಯ ವಿಷಯದಲ್ಲಿ ಗಾಂಧೀಜಿಯವರಿಗೂ ಅವರಿಗೂ ಹೊಂದಲಿಲ್ಲ, ಇಬ್ಬರೂ ಗೌರವ ಬಿಡಲಿಲ್ಲ. 1955ರಲ್ಲಿ ಭಾರತರತ್ನ ಬಂತು. ಪ್ರಶಸ್ತಿ ಕೊಟ್ಟಿದ್ದಕ್ಕೆ ಸರ್ಕಾರವನ್ನು ಹೊಗಳುತ್ತೇನೆ ಅಂದುಕೊಳ್ಳಬೇಡಿ ಅಂತ ನೆಹರೂ ಅವರಿಗೆ ತಿಳಿಸಿದ್ದರು ಅನ್ನೋ ಮಾತಿದೆ. 1962ರ ಏಪ್ರಿಲಿನಲ್ಲಿ, ನೂರು ದಾಟಿದ ಮೇಲೆ, ತೀರಿಕೊಂಡರು.

ಇಷ್ಟು ಓದಿಕೊಂಡು ಒಂದು ಭಾನುವಾರ ಗೆಳೆಯನ ಮನೆಗೆ ಹೋದೆ. ಮುದ್ದೇನಹಳ್ಳಿಗೆ ಹೋಗೋಣ ಬಾ ಅಂದೆ. ಬಂದ. ಎಂ.ವಿ. ಅವರ ಮನೆ ನೋಡಿದೆವು, ಸಮಾಧಿಯ ಹತ್ತಿರ ಕೂತೆವು. ಅವತ್ತು ಸುಮ್ಮನಿದ್ದದ್ದಕ್ಕೆ ಕ್ಷಮಿಸು ಅಂತ ಕೇಳಲು ಬಾಯಿ ತೆಗೆದೆ.

ಅವನು ಅದನ್ನು ದೊಡ್ಡದು ಮಾಡಲಿಲ್ಲ. ಹಾಸ್ಟೆಲಲ್ಲಿ, ಲ್ಯಾಬಲ್ಲಿ, ಬಸ್ಸಲ್ಲಿ ವಾರಕ್ಕೆ ಎರಡು ಸಲ ಈ ಮಾತು ಕೇಳ್ತೀನಿ ಅಂದ. ಪ್ರತಿ ಸಲವೂ ಒಳಗೇ ಲೆಕ್ಕ ಹಾಕ್ತೀನಿ, ಇವತ್ತು ಉತ್ತರ ಕೊಡಲಾ, ನಾಳೆ ಪರೀಕ್ಷೆ ಇದೆ ಸುಮ್ಮನಿರಲಾ ಅಂತ. ಉತ್ತರ ಕೊಟ್ಟರೆ ಜಗಳಗಂಟ, ಕೊಡದಿದ್ದರೆ ತಪ್ಪೊಪ್ಪಿಕೊಂಡವನು. ಅವತ್ತು ಪಂಕ್ತಿಯಲ್ಲಿ ನೀನು ನಿಮ್ಮಣ್ಣನನ್ನು ಸೋಲಿಸಲಿ ಅಂತ ನಾನು ಕಾಯಲಿಲ್ಲ. ಆ ಎಲೆ ಮುಂದೆ ನಾನೊಬ್ಬನೇ ಕೂತಿಲ್ಲ ಅಂತ ಗೊತ್ತಾಗಿದ್ದರೆ ಸಾಕಿತ್ತು ಅಂದ. ಆಮೇಲೆ ನಗುತ್ತಾ, ತನ್ನ ಮಾರ್ಕ್ಸ್ ಕಾರ್ಡಿನ ಮೇಲೆ ಇರೋದೂ ಇವರ ಹೆಸರೇ ಅಂತ ಸಮಾಧಿ ಕಡೆ ಕೈ ತೋರಿಸಿದ. ಅವನ ಕಾಲೇಜು ಸೇರಿರೋದು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ.

ನನ್ನ ಸೂತ್ರ ಅಲ್ಲೇ ತಿದ್ದಿಕೊಂಡಿತು. ತೀರ್ಮಾನ ಬಾಕಿ ಇದೆಯಾ, ತೀರ್ಮಾನಿಸೋರು ಎದುರಿಗಿದ್ದಾರಾ, ಕೈಯಲ್ಲಿ ಲೆಕ್ಕ ಇದೆಯಾ ಅನ್ನೋ ಪ್ರಶ್ನೆಗಳು ಇರಲಿ, ಅವು ನೂರು ವ್ಯರ್ಥ ಜಗಳದಿಂದ ನಮ್ಮನ್ನು ಉಳಿಸುತ್ತವೆ. ಅವುಗಳ ಜೊತೆ ಇನ್ನೆರಡು ಬೇಕು. ಈ ಮಾತಿನಿಂದ ಪೆಟ್ಟು ಬೀಳೋದು ಯಾರಿಗೆ, ಅವರು ಇಲ್ಲಿ ಕೇಳಿಸಿಕೊಳ್ತಾ ಕೂತಿದ್ದಾರಾ? ಮತ್ತೆ, ನಾನು ವಾದ ಬಿಡ್ತಿರೋದು ಅದು ವ್ಯರ್ಥ ಅಂತಲೋ, ನನ್ನ ಜಾಗ ಅಲುಗಾಡುತ್ತೆ ಅಂತಲೋ? ಕೊನೇ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರ ಹೇಳಿಕೊಂಡರೆ ಎಷ್ಟೋ ಸಲ ಕುರ್ಚಿ ಬಿಟ್ಟು ಏಳೋಕೆ ಆಗಲ್ಲ.

ಈ ವರ್ಷ ಹೊಸತೊಡಕಿಗೆ ಅಣ್ಣ ಊರಿಗೆ ಬಂದಿದ್ದ. ಊಟದ ನಡುವೆ ಅದೇ ಮಾತು ತೆಗೆದ. ನಾನು ದನಿ ಏರಿಸಲಿಲ್ಲ. ಬೊಂಬಾಯಿಯ ಚೀಫ್ ಎಂಜಿನಿಯರ್ ಕುರ್ಚಿಯ ಕತೆ ಹೇಳಿದೆ, ಮಿಲ್ಲರ್ ವರದಿ ಹೇಳಿದೆ, ತಾತನ ಅಣ್ಣನ ನೌಕರಿ ನೆನಪಿಸಿದೆ. ಅಣ್ಣ ಒಪ್ಪಲಿಲ್ಲ. ಇವನಿಗೆ ಓದಿ ಓದಿ ತಲೆ ಕೆಟ್ಟಿದೆ ಅಂತ ದೊಡ್ಡಮ್ಮನಿಗೆ ದೂರು ಹೇಳಿದ. ಅಪ್ಪ ಮುಖ ಗಂಟು ಹಾಕಿಕೊಂಡರು. ನಾನು ಸೋತೆ ಅಂತಲೇ ಲೆಕ್ಕ.

ಕೈ ತೊಳೆಯುವಾಗ ಚಿಕ್ಕಪ್ಪನ ಕಿರಿ ಮಗ, ಒಂಬತ್ತನೇ ಕ್ಲಾಸಿನವನು, ಹತ್ತಿರ ಬಂದು ನಿಂತ. ಮಿಲ್ಲರ್ ಅಂದರೆ ಯಾರು, ನಮ್ಮ ಪುಸ್ತಕದಲ್ಲಿ ವಿಶ್ವೇಶ್ವರಯ್ಯನವರ ಪಾಠದಲ್ಲಿ ಅದು ಇಲ್ಲವಲ್ಲ ಅಂತ ಕೇಳಿದ. ಹಿತ್ತಲ ಕಲ್ಲಿನ ಮೇಲೆ ಇಬ್ಬರೂ ಕೂತೆವು. ಮುದ್ದೇನಹಳ್ಳಿಯಿಂದಲೇ ಶುರು ಮಾಡಿದೆ.